ತಾರೀಕಿಗೊಂದು ಕೀರ್ತನೆ: ದೇವರ ಪ್ರೀತಿಯಲ್ಲಿ ಬೇರೂರಲು ಒಂದು ದಿನಚರಿ

ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಚಾಪೆ ಹಾಸಿ, ಕಪ್ಪು ರಟ್ಟಿನ ಸತ್ಯವೇದವನ್ನು, ಅಂದರೆ ಬೈಬಲನ್ನು, ನನ್ನ ಮಡಿಲಲ್ಲಿಟ್ಟು, ‘ಇವತ್ತಿನದು ಓದು ಮಗಾ’ ಎನ್ನುತ್ತಿದ್ದರು. ಆಟ ಬಿಟ್ಟು ಬಂದ ಆತುರದಲ್ಲಿ ನಾನು ಒಂದೆರಡು ವಚನ ಹಾರಿಸಿದರೆ, ಕಣ್ಣು ಮುಚ್ಚಿ ಕುಳಿತಿದ್ದ ಅವರು ಕೈ ಎತ್ತಿ ತಡೆದು, ಬಿಟ್ಟುಹೋದ ಸಾಲನ್ನು ತಾವೇ ಹೇಳಿ, ‘ಅಲ್ಲಿಂದ ಬಾ’ ಎನ್ನುತ್ತಿದ್ದರು. ಎಷ್ಟು ಕೀರ್ತನೆಗಳು ಅವರಿಗೆ ಬಾಯಿಗೆ ಬರುತ್ತಿದ್ದವೆಂದು ನಾನು ಎಂದೂ ಎಣಿಸಲಿಲ್ಲ. ಯಾರಾದರೂ ತೀರಿಕೊಂಡ ಮನೆಗೆ ಹೋದಾಗ, ಹಸುಗೂಸನ್ನು ಎತ್ತಿಕೊಂಡಾಗ, ಮಳೆ ಹೊಡೆದು ಹಿತ್ತಲ ಗೋಡೆ ಕುಸಿದ ಬೆಳಿಗ್ಗೆ, ಆಯಾ ಹೊತ್ತಿಗೆ ತಕ್ಕ ಸಾಲು ಅವರ ಬಾಯಿಂದ ತಾನಾಗಿ ಬರುತ್ತಿತ್ತು. ಅವರ ಆತ್ಮಕ್ಕೆ ಅನ್ನ ಎಲ್ಲಿಂದ ಸಿಗುತ್ತಿತ್ತೆಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಈ ಲೇಖನ ಬರೆಯುತ್ತಿರುವುದು ದೇವರನ್ನು ನಂಬಿದ್ದರೂ ದಿನದ ಓಟದಲ್ಲಿ ಒಳಗೆ ಒಣಗಿಹೋದಂತೆ ಅನಿಸುತ್ತಿರುವವರಿಗಾಗಿ. ನಾನು ತಿಳಿದಿರುವುದು ಕನ್ನಡ ಕ್ರೈಸ್ತ ಮನೆಗಳ ದಾರಿ. ಅದರಲ್ಲೂ ಸತ್ಯವೇದದ ಕೀರ್ತನೆಗಳ ಪುಸ್ತಕವನ್ನು ನಡುವಿಟ್ಟುಕೊಂಡ ದಿನಚರಿ. ಅದನ್ನೇ ಹೆಜ್ಜೆಹೆಜ್ಜೆಯಾಗಿ ವಿವರಿಸುತ್ತೇನೆ. ದಿನಕ್ಕೆ ಇಪ್ಪತ್ತು ನಿಮಿಷ ಬೆಳಿಗ್ಗೆ, ಹತ್ತು ನಿಮಿಷ ರಾತ್ರಿ ಇದಕ್ಕೆ ಸಾಕು.

ಮೊದಲು ಕ್ರಮ ಸರಿಯಾಗಲಿ

ಯೌವನದಲ್ಲಿ ಒಂದು ಜನವರಿ 1ರಂದು, ವರ್ಷದೊಳಗೆ ಇಡೀ ಸತ್ಯವೇದವನ್ನು ಓದಿ ಮುಗಿಸುವ ಹಟ ಹಿಡಿದೆ. ಆದಿಕಾಂಡ ಸರಾಗವಾಗಿ ಹೋಯಿತು, ವಿಮೋಚನಕಾಂಡ ಅರ್ಧ ದಾಟಿತು, ಯಾಜಕಕಾಂಡದ ಯಜ್ಞವಿಧಿಗಳ ನಡುವೆ ಬಂಡಿ ಹೂತುಹೋಯಿತು. ನಾಲ್ಕು ದಿನ ತಪ್ಪಿತು, ಐದನೆಯ ದಿನ ಪುಸ್ತಕ ಮುಟ್ಟಲು ನಾಚಿಕೆಯಾಯಿತು. ಸಾಲ ತೀರಿಸದವನು ಸಾಹುಕಾರನ ಬೀದಿ ತಪ್ಪಿಸಿ ನಡೆಯುವಂತೆ ನಾನು ದೇವರನ್ನು ತಪ್ಪಿಸಿ ನಡೆದ ತಿಂಗಳುಗಳು ಅವು. ತಪ್ಪು ಆ ಓದಿನ ಯೋಜನೆಯಲ್ಲಿ ಇರಲಿಲ್ಲ. ನಾನು ಪ್ರಾರ್ಥನೆಯನ್ನು ದೇವರ ಪ್ರೀತಿಗೆ ಕಟ್ಟುವ ಕಂತು ಎಂದು ಭಾವಿಸಿದ್ದೆ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಯೇಸು ಯೊರ್ದನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದು ನೀರಿನಿಂದ ಮೇಲಕ್ಕೆ ಬರುವಾಗ, ನೀನು ನನ್ನ ಪ್ರಿಯ ಮಗನು, ನಿನ್ನನ್ನು ಮೆಚ್ಚಿದ್ದೇನೆ ಎಂಬ ವಾಣಿ ಕೇಳಿಸುತ್ತದೆ. ಆ ಕಥನದಲ್ಲಿ ಆ ಹೊತ್ತಿಗೆ ಆತನು ಒಬ್ಬ ರೋಗಿಯನ್ನೂ ಗುಣಪಡಿಸಿಲ್ಲ, ಒಂದು ಸಾಮ್ಯಕಥೆಯನ್ನೂ ಹೇಳಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿಲ್ಲ. ಪ್ರೀತಿಯ ಮಾತು ಮೊದಲು ಬಂತು, ದುಡಿಮೆ ಆಮೇಲೆ. ಅದೇ ಅಧ್ಯಾಯದ 35ನೆಯ ವಚನದಲ್ಲಿ, ಇನ್ನೂ ಕತ್ತಲಿರುವಾಗಲೇ ಆತನು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಹಿಂದಿನ ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು, ಬೆಳಗಾದ ಮೇಲೆ ಜನ ಮತ್ತೆ ಹುಡುಕಿಕೊಂಡು ಬರುವವರಿದ್ದರು. ಆ ಎರಡು ಗದ್ದಲಗಳ ನಡುವೆ ಆತನು ತಂದೆಯ ಬಳಿ ಕುಳಿತದ್ದು, ಮೊದಲೇ ದೊರೆತ ಪ್ರೀತಿಯ ಆಸರೆಯಲ್ಲಿ ಎಂದು ನಾನು ಓದಿಕೊಳ್ಳುತ್ತೇನೆ.

ಆದ್ದರಿಂದ ಮೊದಲ ವಾರ ಬೇರೇನೂ ಮಾಡಬೇಡಿ. ಬೆಳಿಗ್ಗೆ ಎದ್ದು ಕುಳಿತು, ‘ದೇವರೇ, ನಾನು ನಿನ್ನನ್ನು ಪ್ರೀತಿಸುವ ಮೊದಲೇ ನೀನು ನನ್ನನ್ನು ಪ್ರೀತಿಸಿದ್ದೀ’ ಎಂದು ನಿಮ್ಮದೇ ಮಾತಿನಲ್ಲಿ ಹೇಳಿ, ಐದು ನಿಮಿಷ ಸುಮ್ಮನಿರಿ. ಇದು ಯೋಹಾನನ ಮೊದಲ ಪತ್ರದ 4ನೆಯ ಅಧ್ಯಾಯದ ತಿರುಳು. ಮನಸ್ಸು ಹಾಲಿನವನ ಲೆಕ್ಕಕ್ಕೆ, ಮಕ್ಕಳ ಫೀಸಿಗೆ ಓಡಿದರೆ ಗದರಬೇಡಿ. ಮತ್ತೆ ಅದೇ ಮಾತಿಗೆ ಕರೆತನ್ನಿ. ಅನೇಕರಿಗೆ ಈ ಐದು ನಿಮಿಷವೇ ಎಲ್ಲಕ್ಕಿಂತ ಕಷ್ಟವಾಗುತ್ತದೆ, ಏಕೆಂದರೆ ಏನನ್ನೂ ಕೊಡದೆ ಬರಿಗೈಯಲ್ಲಿ ಪಡೆದುಕೊಳ್ಳುವುದು ನಮಗೆ ರೂಢಿಯಿಲ್ಲ.

ಹೊತ್ತು, ಜಾಗ, ಪುಸ್ತಕ

ಹೊತ್ತನ್ನು ಗಡಿಯಾರಕ್ಕಿಂತ ಒಂದು ಕೆಲಸಕ್ಕೆ ಗಂಟುಹಾಕಿದರೆ ಉಳಿಯುತ್ತದೆ: ಕಾಫಿ ಕುಡಿದ ತಕ್ಷಣ, ಅಥವಾ ಸ್ನಾನ ಮುಗಿಸಿ ಬಂದ ಮೇಲೆ. ಜಾಗ ಒಂದೇ ಇರಲಿ. ಕಿಟಕಿಯ ಪಕ್ಕದ ಕುರ್ಚಿ, ಅಡುಗೆಮನೆಯ ಮೂಲೆ, ಯಾವುದಾದರೂ ಆದೀತು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ಮತ್ತು ಓದು ಕಾಗದದ ಪುಸ್ತಕದಿಂದಲೇ ನಡೆಯಲಿ. ವಚನದ ಚಿತ್ರಗಳನ್ನು ಬೆಳಿಗ್ಗೆ ಹತ್ತು ಗುಂಪುಗಳಿಗೆ ಕಳುಹಿಸುವುದು ಒಳ್ಳೆಯ ಮನಸ್ಸಿನ ಕೆಲಸವೇ, ಆದರೆ ಕಳುಹಿಸಿದ್ದನ್ನು ನಾವು ಉಂಡಿರುವುದಿಲ್ಲ.

ಕನ್ನಡದಲ್ಲಿ ಓದಿ. ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗೆ, ಮುಂಬಯಿಯಲ್ಲೋ ದುಬೈಯಲ್ಲೋ ನೆಲೆಸಿದವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅಳು ಬಂದಾಗ ಯಾವ ಭಾಷೆಯಲ್ಲಿ ಅಳುತ್ತೀರೋ ಆ ಭಾಷೆಯ ಕೀರ್ತನೆ ಬೇಗ ಒಳಗಿಳಿಯುತ್ತದೆ. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. 1834ರಲ್ಲಿ ಮಂಗಳೂರಿಗೆ ಬಂದ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರೂ ಜನರ ನುಡಿಯನ್ನು ಕಲಿತೇ ಕೆಲಸ ಮಾಡಿದರು. ದೇವರ ಮಾತು ಅಡುಗೆಮನೆಯ ಭಾಷೆಯಲ್ಲಿ ಕೇಳಬೇಕೆಂಬ ಆ ಶ್ರಮದ ಫಲವನ್ನೇ ಓದು ಬಾರದ ನನ್ನ ಅಜ್ಜಿ ಕಿವಿಯಿಂದ ಉಂಡದ್ದು.

ತಾರೀಕಿನ ಲೆಕ್ಕ

ಕೀರ್ತನೆಗಳು ಒಟ್ಟು 150. ತಿಂಗಳಿಗೆ 30 ದಿನ ಎಂದಿಟ್ಟುಕೊಂಡರೆ ಪ್ರತಿ ತಾರೀಕಿಗೆ ಐದು ಕೀರ್ತನೆಗಳು ಸಿಗುತ್ತವೆ: ಆ ತಾರೀಕಿನ ಸಂಖ್ಯೆಯದು, ಅದಕ್ಕೆ 30, 60, 90, 120 ಕೂಡಿಸಿದವು. ದಿನಕ್ಕೆ ಐದನ್ನೂ ಓದಿ ತಿಂಗಳಿಗೊಮ್ಮೆ ಇಡೀ ಪುಸ್ತಕ ಮುಗಿಸುವವರಿದ್ದಾರೆ. ಆರಂಭಿಸುವವರಿಗೆ ನಾನು ಹೇಳುವುದು ದಿನಕ್ಕೆ ಒಂದೇ. ಮೊದಲ ತಿಂಗಳು ತಾರೀಕಿನ ಸಂಖ್ಯೆಯ ಕೀರ್ತನೆ, ಎರಡನೆಯ ತಿಂಗಳು 30 ಕೂಡಿಸಿ, ಮೂರನೆಯ ತಿಂಗಳು 60 ಕೂಡಿಸಿ. ಹೀಗೆ ಐದು ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ.

ಈ ಲೆಕ್ಕದ ಹಿರಿಮೆ ಏನೆಂದರೆ ಇದರಲ್ಲಿ ಬಾಕಿ ಉಳಿಯುವುದಿಲ್ಲ. 9, 10, 11 ತಪ್ಪಿದರೂ 12ನೆಯ ತಾರೀಕು 12ನೆಯ ಕೀರ್ತನೆಯನ್ನು ಓದುತ್ತೀರಿ. ಹಿಂದಿನದನ್ನು ತುಂಬಿಸಬೇಕಾಗಿಲ್ಲ, ಐದು ತಿಂಗಳ ನಂತರ ಅದು ತಾನೇ ನಿಮ್ಮ ಬಾಗಿಲಿಗೆ ಬರುತ್ತದೆ. ನನ್ನ ಯಾಜಕಕಾಂಡದ ನಾಚಿಕೆಗೆ ಸಿಕ್ಕ ಮದ್ದು ಇದು. ಫೆಬ್ರವರಿಯಲ್ಲಿ ಕೊನೆಯ ಒಂದೆರಡು ಬಿಟ್ಟುಹೋಗುತ್ತವೆ, ಹೋಗಲಿ. 31ನೆಯ ತಾರೀಕು ನಿಮಗೆ ಇಷ್ಟವಾದದ್ದನ್ನು ಮತ್ತೆ ಓದಿ. 119ನೆಯದು ಮಾತ್ರ 176 ವಚನಗಳಷ್ಟು ಉದ್ದ. ಅದು ಎಂಟೆಂಟು ವಚನಗಳ 22 ಭಾಗಗಳಾಗಿ ಕಟ್ಟಿದ ಕೀರ್ತನೆಯಾದ್ದರಿಂದ, ಆ ದಿನ ಬಂದಾಗ ಒಂದು ಭಾಗವನ್ನಷ್ಟೇ ಓದಿದರೆ ಸಾಕು.

ಓದುವ ಬಗೆ

ಮೊದಲ ಕೀರ್ತನೆಯಲ್ಲಿ, ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ನೀರಿನ ಕಾಲುವೆಗಳ ಬಳಿ ನೆಟ್ಟ ಮರದಂತಿದ್ದಾನೆ ಎಂಬ ಮಾತಿದೆ. ಅಲ್ಲಿ ‘ಧ್ಯಾನ’ಕ್ಕೆ ಬಂದಿರುವ ಹೀಬ್ರೂ ಪದಕ್ಕೆ ಗುನುಗುವುದು, ಮೆಲುದನಿಯಲ್ಲಿ ಹೇಳಿಕೊಳ್ಳುವುದು ಎಂಬ ಅರ್ಥವಿದೆ, ಪಾರಿವಾಳದ ಗುಟುರಿಗೂ ಬೇಟೆಯ ಮೇಲೆ ಸಿಂಹದ ಗುರುಗುಟ್ಟುವಿಕೆಗೂ ಯೆಶಾಯನು ಬಳಸಿದ ಪದವೇ ಅದು. ಧ್ಯಾನವೆಂದರೆ ಕಣ್ಣು ಮುಚ್ಚಿ ಯೋಚನೆ ನಿಲ್ಲಿಸುವುದೆಂದು ತಿಳಿದು ಸೋತವರಿಗೆ ಇದು ಸಮಾಧಾನದ ಸುದ್ದಿ. ಬಾಯಿ ಆಡಬೇಕು. ಹಸು ಮೇಯ್ದು ಬಂದು ಕೊಟ್ಟಿಗೆಯಲ್ಲಿ ಮೆಲುಕು ಹಾಕುವ ಹಾಗೆ ಸಾಲನ್ನು ಮತ್ತೆ ಮತ್ತೆ ಬಾಯಿಗೆ ತಂದುಕೊಳ್ಳಬೇಕು. 12ನೆಯ ಶತಮಾನದ ಸಂನ್ಯಾಸಿ ಎರಡನೆಯ ಗೀಗೊ ಇದನ್ನು ನಾಲ್ಕು ಮೆಟ್ಟಿಲಿನ ಏಣಿಯೆಂದು ವರ್ಣಿಸಿದ: ಓದು, ಧ್ಯಾನ, ಪ್ರಾರ್ಥನೆ, ಮತ್ತು ದೇವರ ಸನ್ನಿಧಿಯಲ್ಲಿ ಸುಮ್ಮನೆ ನೆಲೆಸುವುದು. ಅವನೂ ಊಟದ ಹೋಲಿಕೆಯನ್ನೇ ಕೊಡುತ್ತಾನೆ. ಓದು ತುತ್ತನ್ನು ಬಾಯಿಗಿಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಹೊರಡಿಸುತ್ತದೆ, ಕೊನೆಯ ಮೆಟ್ಟಿಲು ಆ ಸಿಹಿಯೇ.

ಇದನ್ನು ಮಾಡುವುದು ಹೇಗೆಂದು ಒಂದು ದಿನವನ್ನು ತೆಗೆದುಕೊಂಡು ತೋರಿಸುತ್ತೇನೆ. ತಾರೀಕು 13 ಎಂದುಕೊಳ್ಳಿ. 13ನೆಯ ಕೀರ್ತನೆಯನ್ನು ತೆರೆಯುತ್ತೀರಿ, ಆರೇ ವಚನಗಳು. ಮೊದಲ ಸಲ ಇಡಿಯಾಗಿ, ನಿಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಓದಿ. ‘ಎಷ್ಟರ ತನಕ’ ಎಂಬ ಪ್ರಶ್ನೆ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬಡಿಯುವುದು ಕೇಳಿಸುತ್ತದೆ: ದೇವರು ಮರೆತುಬಿಟ್ಟನೇ, ಮುಖ ಮರೆಮಾಡಿಕೊಂಡನೇ, ನಾನು ಎಷ್ಟು ದಿನ ಒಳಗೊಳಗೇ ಲೆಕ್ಕ ಹಾಕುತ್ತಾ ಕೊರಗಬೇಕು, ವೈರಿ ಎಷ್ಟು ದಿನ ಮೇಲುಗೈ ಆಗಿರಬೇಕು. ಎರಡನೆಯ ಸಲ ಇನ್ನೂ ನಿಧಾನವಾಗಿ ಓದಿ, ಎಲ್ಲಿ ಎದೆಗೆ ತಾಗಿತೋ ಅಲ್ಲಿ ನಿಲ್ಲಿ. ಒಳಗೊಳಗೇ ಲೆಕ್ಕ ಹಾಕಿ ಕೊರಗುವ ಮಾತಿನಲ್ಲಿ ನಿಂತಿರೆಂದುಕೊಳ್ಳೋಣ. ಅದನ್ನು ಐದಾರು ಸಲ ಗುನುಗಿ. ನಿಮ್ಮ ಲೆಕ್ಕ ಯಾವುದು? ಮಗಳ ಮದುವೆಯೇ, ಕೈಬಿಟ್ಟುಹೋದ ಕೆಲಸವೇ, ವೈದ್ಯರು ಮತ್ತೊಮ್ಮೆ ಬರೆದುಕೊಟ್ಟ ರಕ್ತಪರೀಕ್ಷೆಯೇ? ಹೆಸರಿಟ್ಟು ದೇವರಿಗೆ ಹೇಳಿ. ಮೂರನೆಯ ಸಲ ಕೊನೆಯ ಎರಡು ವಚನಗಳ ಮೇಲೆ ಗಮನವಿಟ್ಟು ಓದಿದಾಗ, ಪರಿಸ್ಥಿತಿ ಬದಲಾದ ಸುಳಿವು ಆ ಕೀರ್ತನೆಯಲ್ಲಿ ಎಲ್ಲೂ ಇಲ್ಲದಿದ್ದರೂ, ಗೋಳಾಡಿದವನೇ ದೇವರ ಕೃಪೆಯಲ್ಲಿ ಭರವಸೆಯಿಟ್ಟಿದ್ದೇನೆ, ಹಾಡುತ್ತೇನೆ ಎನ್ನುವುದು ಕಾಣುತ್ತದೆ. ನಿಮಗೆ ಆ ದಿನ ಹಾಡಲು ಬಾರದಿದ್ದರೆ, ಆ ಮಾತನ್ನು ಅವನ ಬಾಯಿಂದ ಎರವಲು ಪಡೆದು ಹೇಳಿ, ಒಂದೆರಡು ನಿಮಿಷ ಮೌನವಾಗಿದ್ದು ಏಳಿ.

ಅದೇ ತಾರೀಕಿನ ಉಳಿದ ನಾಲ್ಕು ಮುಂದಿನ ತಿಂಗಳುಗಳಲ್ಲಿ ಬರುತ್ತವೆ. 43ರಲ್ಲಿ ಕುಗ್ಗಿದ ಮನಸ್ಸಿಗೆ ಕವಿಯೇ ಬುದ್ಧಿ ಹೇಳುತ್ತಾನೆ. 73ರಲ್ಲಿ ದುಷ್ಟರ ಏಳಿಗೆ ಕಂಡು ಹೊಟ್ಟೆಕಿಚ್ಚು ಪಟ್ಟವನು ತಾನು ಪಶುವಿನಂತಿದ್ದೆನೆಂದು ಒಪ್ಪಿಕೊಂಡು, ಆಗಲೂ ದೇವರು ತನ್ನ ಬಲಗೈ ಹಿಡಿದಿದ್ದನೆಂದು ಬೆರಗಾಗುತ್ತಾನೆ. 103 ತಂದೆ ಮಕ್ಕಳನ್ನು ಕನಿಕರಿಸುವ, ನಾವು ಮಣ್ಣೆಂಬುದನ್ನು ಮರೆಯದ ದೇವರ ಹಾಡು. 133 ಒಡಹುಟ್ಟಿದವರು ಒಂದಾಗಿರುವುದರ ಸವಿಯನ್ನು ಮೂರೇ ವಚನಗಳಲ್ಲಿ ಹೇಳುತ್ತದೆ. ಗೋಳು, ಬುದ್ಧಿವಾದ, ತಪ್ಪೊಪ್ಪಿಗೆ, ಕೃಪೆ, ಕೂಡಿ ಬಾಳುವುದು. ಒಂದೇ ತಾರೀಕು ಮನುಷ್ಯನ ಆತ್ಮಕ್ಕೆ ಬೇಕಾದ ಎಷ್ಟನ್ನೋ ತಟ್ಟೆಯಲ್ಲಿ ಬಡಿಸಿಟ್ಟಿದೆ.

ಆತ್ಮ ಎಂಬ ಮಾತಿನ ಬಗ್ಗೆಯೂ ಇಲ್ಲಿ ಹೇಳಬೇಕು. 103ನೆಯ ಕೀರ್ತನೆ ‘ನನ್ನ ಮನವೇ’ ಎಂದು ಆರಂಭವಾಗುತ್ತದೆ. ಮೂಲದಲ್ಲಿರುವ ಹೀಬ್ರೂ ಪದ ಬೇರೆ ಕಡೆ ಪ್ರಾಣ, ಜೀವ, ಆತ್ಮ ಎಂದೂ ಅನುವಾದವಾಗುತ್ತದೆ, ಗಂಟಲು ಎಂಬ ಅರ್ಥವೂ ಅದಕ್ಕಿದೆ. ಬಾಯಾರುವ, ಉಸಿರಾಡುವ, ದೇವರಿಗಾಗಿ ಹಾತೊರೆಯುವ ಇಡೀ ಮನುಷ್ಯನೇ ಆ ಪದದೊಳಗಿದ್ದಾನೆ. ಆದ್ದರಿಂದ ಆತ್ಮವನ್ನು ಪೋಷಿಸುವುದೆಂದರೆ ದೇಹದಿಂದ ದೂರವಾದ ಯಾವುದೋ ಸೂಕ್ಷ್ಮ ವಸ್ತುವನ್ನು ಹುಡುಕಿಹೋಗುವ ಕೆಲಸವೆಂದು ನಾನು ತಿಳಿಯುವುದಿಲ್ಲ. ನಿದ್ದೆ, ಊಟ, ಅಳು, ಹಾಡು ಎಲ್ಲವೂ ಅದರೊಳಗೆ ಸೇರುತ್ತವೆ.

ಕಷ್ಟದ ಕೀರ್ತನೆಗಳು ಬಂದಾಗ

ಆರಂಭಿಸಿದ ಕೆಲವೇ ದಿನಗಳಲ್ಲಿ ಶತ್ರುಗಳನ್ನು ಶಪಿಸುವ ಮಾತುಗಳು ಎದುರಾಗುತ್ತವೆ. 109 ಮತ್ತು 137ರ ಕೊನೆ ಎಂಥವರನ್ನೂ ಬೆಚ್ಚಿಬೀಳಿಸುತ್ತವೆ. ಅವನ್ನು ಹಾರಿಸಬೇಡಿ, ಆದರೆ ಯಾರದೋ ಮೇಲೆ ಪ್ರಯೋಗಿಸುವ ಮಂತ್ರವಾಗಿಯೂ ಓದಬೇಡಿ. ಸೆರೆಹೋದವರು, ಮಕ್ಕಳನ್ನು ಕಳೆದುಕೊಂಡವರು ತಮ್ಮ ರೋಷವನ್ನು ಕತ್ತಿಯಾಗಿ ಬಳಸದೆ ದೇವರ ಮುಂದೆ ಸುರಿದ ಮಾತುಗಳು ಅವು. ನಿಮಗೆ ಯಾರ ಮೇಲಾದರೂ ಹಾಗೆ ಸಿಟ್ಟಿದ್ದರೆ ಆ ದಿನ ಅದನ್ನು ಅಲ್ಲೇ ಇಳಿಸಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ‘ಕ್ಷಮಿಸು’ ಎಂಬ ಬೇಡಿಕೆಯವರೆಗೆ ಹೋಗಿ ನಿಲ್ಲಿ. ಆ ಬೇಡಿಕೆ ಬಾಯಿಗೆ ಬಾರದಿದ್ದರೆ, ಬಾರದೆಂಬುದನ್ನೇ ದೇವರಿಗೆ ಹೇಳಿ. ನಿಮಗೆ ಸಿಟ್ಟಿಲ್ಲದ ದಿನವಾದರೆ, ಅಂಥ ಅನ್ಯಾಯವನ್ನು ಇಂದು ಉಣ್ಣುತ್ತಿರುವವರ ಪರವಾಗಿ ಓದಿ.

ಹಗಲಿಗೆ ಒಂದು ಸಾಲು

ಬೆಳಿಗ್ಗೆ ನಿಂತ ಸಾಲನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲೋ ಒಲೆಯ ಬಳಿಯ ಗೋಡೆಯಲ್ಲೋ ಇಟ್ಟುಕೊಳ್ಳಿ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್, ಪಾತ್ರೆಗಳ ಗದ್ದಲದ ನಡುವೆಯೂ ದೇವರೊಡನೆ ಮಾತಾಡುತ್ತಿರುವುದನ್ನು ರೂಢಿಸಿಕೊಂಡಿದ್ದರು. ಹಿಟ್ಟು ನಾದುವಾಗ, ಬಸ್ ಕಾಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಆ ಸಾಲನ್ನು ಒಮ್ಮೆ ಹೇಳಿಕೊಳ್ಳಿ. ಸಾಲು ನೆನಪಾಗದಿದ್ದರೆ, ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಸುಂಕದವನಂತೆ, ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ ಎಂದರೂ ಸಾಕು. ಯೇಸು ಮೆಚ್ಚಿದ ಪ್ರಾರ್ಥನೆ ಅಷ್ಟೇ ಉದ್ದದ್ದು.

ರಾತ್ರಿಯ ಹತ್ತು ನಿಮಿಷ

ಮಲಗುವ ಮೊದಲು ದಿನವನ್ನು ಹಿಂತಿರುಗಿ ನೋಡುವ ಒಂದು ಪದ್ಧತಿಯನ್ನು ಕಥೋಲಿಕ ಸಂತ ಇಗ್ನೇಷಿಯಸ್ ಲೊಯೊಲಾ 16ನೆಯ ಶತಮಾನದಲ್ಲಿ ಕಲಿಸಿದರು. ನಾನು ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವನಾದರೂ ಇದನ್ನು ಒಬ್ಬ ಕಥೋಲಿಕ ಗೆಳೆಯನಿಂದ ಕಲಿತು ಬಹಳ ಲಾಭ ಪಡೆದಿದ್ದೇನೆ. ಇದರ ಕ್ರಮ ಮುಖ್ಯ, ಏಕೆಂದರೆ ನಾವೆಲ್ಲ ರಾತ್ರಿ ನೇರವಾಗಿ ತಪ್ಪುಗಳ ಪಟ್ಟಿಗೆ ಕೈಹಾಕಿ ನಿದ್ದೆ ಕೆಡಿಸಿಕೊಳ್ಳುವವರು. ಲೊಯೊಲಾ ಕೃತಜ್ಞತೆಯಿಂದ ಆರಂಭಿಸುತ್ತಾರೆ.

ಆದ್ದರಿಂದ ಮೊದಲು ಆ ದಿನ ದೊರೆತ ಮೂರು ಒಳಿತುಗಳನ್ನು ಹೆಸರಿಸಿ ವಂದಿಸಿ. ‘ಎಲ್ಲಕ್ಕೂ ಸ್ತೋತ್ರ’ ಎಂದು ಒಟ್ಟಾರೆ ಹೇಳಿಬಿಡಬೇಡಿ. ಮಧ್ಯಾಹ್ನ ಎದುರುಮನೆಯವರು ತಂದುಕೊಟ್ಟ ಹಲಸಿನ ಹಣ್ಣಿನ ಹೆಸರು ಹೇಳಿ. ಆಮೇಲೆ ದಿನವನ್ನು ದೇವರ ಬೆಳಕಿನಲ್ಲಿ ಕಾಣುವಂತೆ ಪವಿತ್ರಾತ್ಮನನ್ನು ಬೇಡಿ. ಬೆಳಗಿನಿಂದ ರಾತ್ರಿಯವರೆಗೆ ಗಳಿಗೆಗಳನ್ನು ದಾಟುತ್ತಾ ಹೋಗಿ, ಎಲ್ಲಿ ಪ್ರೀತಿ ಹರಿಯಿತು, ಎಲ್ಲಿ ಕಟ್ಟಿಕೊಂಡಿತು ಎಂದು ನೋಡಿ. ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆ ಸರಿಪಡಿಸಬಹುದಾದ ಒಂದು ವಿಷಯವನ್ನು ನಿಶ್ಚಯಿಸಿ. ಬೈದ ಮಗನ ಬಳಿ ಬೆಳಿಗ್ಗೆ ಹೋಗಿ ತಲೆ ಸವರುವುದು, ಅಂಥದ್ದು. ಒಂದೇ ಸಾಕು.

ಕೊನೆಗೆ 131ನೆಯ ಕೀರ್ತನೆಯ ಮೂರು ವಚನಗಳನ್ನು ಬಾಯಿಪಾಠವಾಗಿ ಹೇಳಿ ದೀಪ ಆರಿಸಿ. ಮೊಲೆ ಬಿಡಿಸಿದ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣವನ್ನು ಸಮಾಧಾನಪಡಿಸಿದ್ದೇನೆ ಎಂಬುದು ಅದರ ನಡುಮಾತು. ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡವರು ನೋಡಿರುತ್ತೀರಿ: ತಾಯಿಯ ತೋಳಿಗೆ ಬಂದೊಡನೆ ಅದರ ಬಾಯಿ ಹುಡುಕತೊಡಗುತ್ತದೆ, ಸಿಗದಿದ್ದರೆ ರಚ್ಚೆ ಹಿಡಿಯುತ್ತದೆ. ಮೊಲೆ ಬಿಟ್ಟ ಮಗು ಹಾಗಲ್ಲ. ಅದು ಬಂದು ಅಮ್ಮನ ಭುಜಕ್ಕೆ ಕೆನ್ನೆಯಿಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಸುಮ್ಮನಿರುತ್ತದೆ. ಅದಕ್ಕೆ ಏನೂ ಬೇಡ, ಅಮ್ಮ ಬೇಕು. ದಿನವಿಡೀ ನಮ್ಮ ಬಾಯಿ ದೇವರ ಬಳಿ ಏನನ್ನೋ ಹುಡುಕುತ್ತಿರುತ್ತದೆ, ಅದು ತಪ್ಪೂ ಅಲ್ಲ. ರಾತ್ರಿಯಾದರೂ ಈ ಎರಡನೆಯ ಮಗುವಿನಂತೆ ಸ್ವಲ್ಪ ಹೊತ್ತು ಒರಗಿರುವುದನ್ನು ಕಲಿಯೋಣ.

ಒಣ ದಿನಗಳು

ಎರಡನೆಯ ಅಥವಾ ಮೂರನೆಯ ತಿಂಗಳಲ್ಲಿ ಹೆಚ್ಚಿನವರಿಗೆ ಒಣಗಾಲ ಬರುತ್ತದೆ. ಓದಿದ್ದು ಮರದ ತೊಗಟೆ ಅಗಿದಂತಾಗುತ್ತದೆ. ದೇವರು ದೂರವಾದನೆಂದೋ, ತನ್ನ ಯಾವುದೋ ಪಾಪದಿಂದ ಪ್ರೀತಿ ಕಡಿಮೆಯಾಯಿತೆಂದೋ ಮನಸ್ಸು ಹೇಳತೊಡಗುತ್ತದೆ. ನಿಜವಾಗಿ ಮುಚ್ಚಿಟ್ಟ ತಪ್ಪಿದ್ದರೆ 51ನೆಯ ಕೀರ್ತನೆಯನ್ನು ಹಿಡಿದು ಅರಿಕೆಮಾಡಿ, ಸರಿಪಡಿಸಬೇಕಾದ್ದನ್ನು ಸರಿಪಡಿಸಿ. ಅಂಥದ್ದೇನೂ ಕಾಣದಿದ್ದರೆ ಅಗೆದು ಅಗೆದು ಹುಡುಕಬೇಡಿ. ಭಾವನೆ ಹವಾಮಾನದಂತೆ ಬರುತ್ತದೆ, ಹೋಗುತ್ತದೆ. ಬಿಸಿಲಿನ ದಿನವೂ ಬೇರು ನೆಲದಲ್ಲೇ ಇರುತ್ತದೆ. ಓದನ್ನು ಅರ್ಧಕ್ಕೆ ಇಳಿಸಿ, ಹೊತ್ತು ಮತ್ತು ಜಾಗವನ್ನು ಮಾತ್ರ ಬಿಡಬೇಡಿ.

28ನೆಯ ತಾರೀಕಿನ ಐದರಲ್ಲಿ 88ನೆಯದು ಒಂದು. ದೇವರನ್ನು ಕೂಗಿ ಕೂಗಿ, ಉತ್ತರ ಬಾರದೆ, ಆಪ್ತರೂ ದೂರವಾಗಿ, ಕತ್ತಲೆಯ ಮಾತಿನಲ್ಲೇ ಮುಗಿಯುವ ಕೀರ್ತನೆ ಅದು. 13ರಲ್ಲಿ ಬಂದ ಹಾಡು ಇಲ್ಲಿ ಬರುವುದಿಲ್ಲ. ಬಹಳ ವರ್ಷ ಇದು ನನ್ನನ್ನು ಹೆದರಿಸುತ್ತಿತ್ತು. ತಾಯಿ ಆಸ್ಪತ್ರೆಯಲ್ಲಿದ್ದ ಒಂದು ರಾತ್ರಿ, ಹೊರಗಿನ ಬೆಂಚಿನ ಮೇಲೆ ಕುಳಿತು ಪ್ರಾರ್ಥಿಸಲು ಯತ್ನಿಸಿ ಒಂದು ಮಾತೂ ಹೊರಡದೆ ಹೋದಾಗ, ಇಂಥ ಪ್ರಾರ್ಥನೆಯೂ ದೇವರ ಪುಸ್ತಕದೊಳಗೇ ಇದೆಯೆಂಬ ನೆನಪು ನನ್ನನ್ನು ಹಿಡಿದು ನಿಲ್ಲಿಸಿತು. ಕತ್ತಲಲ್ಲಿ ಮುಗಿದ ಪ್ರಾರ್ಥನೆಯನ್ನು ದೇವರು ಹರಿದೆಸೆಯಲಿಲ್ಲ, ತನ್ನ ಜನರ ಹಾಡಿನ ಪುಸ್ತಕದಲ್ಲಿ ಉಳಿಸಿಕೊಂಡ. ಅದೇ ತಾರೀಕಿನಲ್ಲಿ, ತಿಂಗಳೊಂದು ಕಳೆದು, 118 ಬರುತ್ತದೆ. ದೇವರ ಕೃಪೆ ಶಾಶ್ವತವೆಂದು ಅದು ಆರಂಭದಲ್ಲೂ ಕೊನೆಯಲ್ಲೂ ಸಾರುತ್ತದೆ.

ದೇಹವನ್ನೂ ವಿಚಾರಿಸಿಕೊಳ್ಳಿ. ಅರಸುಗಳ ಮೊದಲ ಪುಸ್ತಕದ 19ನೆಯ ಅಧ್ಯಾಯದಲ್ಲಿ ಎಲೀಯನು ಸಾಕಪ್ಪಾ ಈ ಜೀವ ಎಂದು ಅಡವಿಯ ಗಿಡದಡಿ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿ, ದಾರಿ ದೂರವಿದೆ, ಊಟಮಾಡು ಎಂದ. ದೇವರ ಪ್ರೀತಿ ಕೆಲವು ದಿನ ರೊಟ್ಟಿಯಾಗಿ, ನಿದ್ದೆಯಾಗಿ ಬರುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ವಿಶ್ವಾಸದ ಕೊರತೆಯೆಂದು ಮುಚ್ಚಿಡಬೇಡಿ. ವೈದ್ಯರ ಬಳಿ ಹೋಗಿ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು, ಅದು ಸರ್ಕಾರದ ಉಚಿತ ಸೇವೆ. ಔಷಧಿ ತೆಗೆದುಕೊಳ್ಳುತ್ತಾ ಕೀರ್ತನೆ ಓದುವುದರಲ್ಲಿ ಯಾವ ವಿರೋಧವೂ ಇಲ್ಲ.

ಒಬ್ಬರೇ ಅಲ್ಲ

ಎಫೆಸದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಪೌಲನು, ನೀವು ಪ್ರೀತಿಯಲ್ಲಿ ಬೇರೂರಿ ನೆಲೆಗೊಳ್ಳಬೇಕೆಂದು ಮೊಣಕಾಲೂರಿ ಪ್ರಾರ್ಥಿಸುತ್ತಾನೆ. ಗಿಡದ ಬೇರು, ಮನೆಯ ಅಸ್ತಿವಾರ, ಎರಡೂ ಹೋಲಿಕೆ ಅಲ್ಲಿವೆ. ಮರುಸಾಲಿನಲ್ಲೇ ಅವನು, ಕ್ರಿಸ್ತನ ಪ್ರೀತಿಯ ಅಗಲ, ಉದ್ದ, ಎತ್ತರ, ಆಳಗಳನ್ನು ದೇವಜನರೆಲ್ಲರೊಂದಿಗೆ ಗ್ರಹಿಸಬೇಕೆನ್ನುತ್ತಾನೆ. ಒಬ್ಬನೇ ಕುರ್ಚಿಯಲ್ಲಿ ಕುಳಿತು ಅಳೆದು ಮುಗಿಯುವ ಪ್ರೀತಿಯಲ್ಲ ಅದು. ಆದ್ದರಿಂದ ಭಾನುವಾರ ಸಭೆಗೆ ಹೋಗಿ. ಪ್ರಸಂಗ ಹಿಡಿಸದ ದಿನವೂ ಹೋಗಿ, ಹಾಡಿ, ಕರ್ತನ ಭೋಜನದಲ್ಲಿ ಕೈಚಾಚಿ. ವಾರದಲ್ಲಿ ಒಂದು ರಾತ್ರಿಯಾದರೂ ಮನೆಯವರೆಲ್ಲ ಕೂಡಿ ಆ ತಾರೀಕಿನ ಕೀರ್ತನೆಯನ್ನು ಓದಿ. ಮಕ್ಕಳಿಗೆ ಎರಡೇ ವಚನಗಳ 117ನ್ನು ಮೊದಲು ಕಲಿಸಿ. 136 ಬಂದ ದಿನ ಪ್ರತಿ ವಚನದ ಪಲ್ಲವಿಯನ್ನು ಅವರ ಬಾಯಿಂದಲೇ ಹೇಳಿಸಿ, ಇಪ್ಪತ್ತಾರು ಸಲ ಹೇಳುವುದರಲ್ಲಿ ಅವರಿಗೆ ಬರುವ ಉತ್ಸಾಹವನ್ನು ನೋಡಿ. ಓದಲು ಬಾರದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು ಓದಲು ಮಗುವೊಂದನ್ನು ನೇಮಿಸಿ. ಈ ಕೆಲಸದಲ್ಲಿ ಯಾರು ಯಾರಿಗೆ ಕಲಿಸುತ್ತಾರೆಂದು ಹೇಳುವುದು ಕಷ್ಟ.

ವಾರಕ್ಕೊಮ್ಮೆ, ಕಣ್ಣು ಮಂಜಾದ ಒಬ್ಬರ ಮನೆಗೋ, ಆಸ್ಪತ್ರೆಯಲ್ಲಿರುವ ಒಬ್ಬರ ಬಳಿಗೋ ಹೋಗಿ ಹತ್ತು ನಿಮಿಷ ಕುಳಿತುಬನ್ನಿ. ಹಣ್ಣು ಒಯ್ಯಿರಿ, ಅವರ ಮಾತು ಕೇಳಿ, ಅವರು ಬಯಸಿದರೆ ಮಾತ್ರ ಆ ದಿನದ ಕೀರ್ತನೆಯನ್ನು ಓದಿ.

ಹೀಗೆ ಆರಂಭಿಸಿ

ಮೊದಲ ವಾರದ ಐದು ನಿಮಿಷದ ಮೌನ ಮುಗಿದ ಮರುದಿನ, ಅದು ಯಾವ ತಾರೀಕಾದರೂ ಸರಿ, ಆ ಸಂಖ್ಯೆಯ ಕೀರ್ತನೆಯನ್ನೇ ತೆರೆಯಿರಿ. 1ನೆಯ ತಾರೀಕಿಗಾಗಿ ಕಾಯಬೇಡಿ. ಒಂದು ಪೆನ್ಸಿಲ್ ಪುಸ್ತಕದೊಳಗೇ ಇರಲಿ. ನೀವು ನಿಂತ ಸಾಲಿನ ಪಕ್ಕದ ಅಂಚಿನಲ್ಲಿ ದಿನಾಂಕ ಬರೆದು, ಆ ದಿನ ದೇವರ ಮುಂದಿಟ್ಟ ಸಂಗತಿಯನ್ನು ಎರಡೇ ಪದಗಳಲ್ಲಿ ಗುರುತುಹಾಕಿ: ‘ಅಮ್ಮನ ಕಣ್ಣು’, ‘ಮನೆ ಬಾಡಿಗೆ’, ‘ತಂಗಿಯೊಡನೆ ಜಗಳ’. ಐದು ತಿಂಗಳ ಮೇಲೆ ಅದೇ ಪುಟಕ್ಕೆ ಬಂದಾಗ ಹಳೆಯ ಬರಹವನ್ನು ಅಳಿಸದೆ, ಅದರ ಕೆಳಗೆ ಹೊಸ ದಿನಾಂಕವನ್ನು ಬರೆಯಿರಿ.